ಇಲ್ಲವೋ ಅಲ್ಲವೋ, ಬೇಡವೋ ಬೇಕಿಲ್ಲವೋ: ಕನ್ನಡ ಕಲಿಯುವವರು ತಡವರಿಸುವ ಜೋಡಿಗಳು

"ಇದು ನನ್ನ ಛತ್ರಿ ಇಲ್ಲ," ಅಂದರು ನನ್ನ ಸಹೋದ್ಯೋಗಿ. ಮನೆಮಾತು ಹಿಂದಿ. ಕನ್ನಡ ಕಲಿಯೋಕೆ ಶುರು ಮಾಡಿ ಒಂದೂವರೆ ವರ್ಷ ಆಗಿತ್ತು. ಬಾಗಿಲ ಹತ್ತಿರ ಒಂದೇ ಥರದ ನಾಲ್ಕು ಕಪ್ಪು ಛತ್ರಿ ಒರಗಿಸಿಟ್ಟಿದ್ದರು.

"'ಇಲ್ಲ' ಅಲ್ಲ, 'ಅಲ್ಲ'," ಅಂದೆ ನಾನು.

ಅವರು ನನ್ನ ಮುಖ ನೋಡಿದರು. ನಾನು ಆಡಿದ ಮಾತು ನನಗೇ ವಿಚಿತ್ರವಾಗಿ ಕೇಳಿಸಿತು.

"ಯಾಕೆ 'ಅಲ್ಲ'?"

"ಹಾಗೇ ಹೇಳೋದು."

"ಮತ್ತೆ ಈಗ ತಾನೆ ನೀವೇ 'ಈ ಛತ್ರಿ ಚೆನ್ನಾಗಿಲ್ಲ' ಅಂದ್ರಿ. ಅಲ್ಲಿ ಯಾಕೆ 'ಇಲ್ಲ'?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಟ್ಟಿದಾಗಿನಿಂದ ಕನ್ನಡ ಆಡುತ್ತಿರುವ ನಮಗೆ ಯಾವುದು ಸರಿ ಅಂತ ತಕ್ಷಣ ಗೊತ್ತಾಗುತ್ತದೆ. ಯಾಕೆ ಸರಿ ಅಂತ ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ. ನಿಘಂಟು ತೆರೆದರೂ ಇಂಥ ಕಡೆ ಹೆಚ್ಚು ಪ್ರಯೋಜನ ಇಲ್ಲ. ಎರಡೂ ಪದದ ಎದುರು ಹೆಚ್ಚುಕಡಿಮೆ ಒಂದೇ ಅರ್ಥ ಬರೆದಿರುತ್ತದೆ. ಕಲಿಯುವವರಿಗೆ ಬೇಕಿರುವುದು ಅರ್ಥ ಅಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳೋಕೆ ಅವರೇ ಮಾಡಿ ನೋಡಬಹುದಾದ ಒಂದು ಸಣ್ಣ ಪರೀಕ್ಷೆ ಬೇಕು.

ಆ ದಿನದ ಮೇಲೆ ಅವರು ಕೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತಾ ಬಂದೆ. ನಿಮ್ಮ ಸುತ್ತ ಯಾರಾದರೂ ಕನ್ನಡ ಕಲಿಯುತ್ತಿದ್ದರೆ ಅವರೂ ಇವನ್ನೇ ಕೇಳುತ್ತಿರುತ್ತಾರೆ. ವ್ಯಾಕರಣದ ಹೆಸರುಗಳನ್ನು ಆದಷ್ಟು ದೂರ ಇಟ್ಟಿದ್ದೇನೆ.

ಇಲ್ಲ, ಅಲ್ಲ

ಮೊದಲು ಇದನ್ನೇ ಮುಗಿಸೋಣ. ವಾಕ್ಯದಿಂದ 'ಇಲ್ಲ' ಅಥವಾ 'ಅಲ್ಲ' ತೆಗೆದುಹಾಕಿ. ಅದನ್ನೇ ಹೌದು ಅನ್ನುವ ಹಾಗೆ ಹೇಳಿ ನೋಡಿ. ಕೊನೆಯಲ್ಲಿ ಕ್ರಿಯಾಪದ ಬಂದರೆ 'ಇಲ್ಲ'. ಬರದಿದ್ದರೆ 'ಅಲ್ಲ'.

'ಇದು ನನ್ನ ಛತ್ರಿ.' ಕೊನೆಯಲ್ಲಿ ಕ್ರಿಯಾಪದ ಇಲ್ಲ. ಆದ್ದರಿಂದ 'ಇದು ನನ್ನ ಛತ್ರಿ ಅಲ್ಲ'. 'ಛತ್ರಿ ಚೆನ್ನಾಗಿದೆ.' ಕೊನೆಯಲ್ಲಿ 'ಇದೆ' ಇದೆ. ಆದ್ದರಿಂದ 'ಚೆನ್ನಾಗಿಲ್ಲ'. 'ಅದು ಒಳ್ಳೇದು' ಅನ್ನುವುದು 'ಒಳ್ಳೇದಲ್ಲ' ಆಗುತ್ತದೆ. ಒಳ್ಳೇದು, ಚೆನ್ನಾಗಿದೆ ಎರಡರ ಅರ್ಥವೂ ಹತ್ತಿರ ಹತ್ತಿರ, ಆದರೆ ನಿರಾಕರಣೆ ಬೇರೆ ಬೇರೆ. ಅರ್ಥ ನೋಡಿ ಆರಿಸಲು ಹೋದವರು ಎಡವುವುದು ಇಲ್ಲೇ. 'ಬರ್ತಾನೆ', 'ಬಂದಿದಾನೆ', 'ಗೊತ್ತಿದೆ' ಎಲ್ಲ ಕ್ರಿಯಾಪದದಲ್ಲೇ ಮುಗಿಯುವುದರಿಂದ ಬರೋದಿಲ್ಲ, ಬಂದಿಲ್ಲ, ಗೊತ್ತಿಲ್ಲ.

ಈ ಪರೀಕ್ಷೆಯ ನಿಜವಾದ ಉಪಯೋಗ ಗೊತ್ತಾಗುವುದು ಎರಡೂ ಸರಿಯಾಗುವ ಕಡೆ. 'ಇವತ್ತು ಮೀಟಿಂಗ್ ಇಲ್ಲ' ಅಂದರೆ ಇವತ್ತು ಆರಾಮಾಗಿರಿ. 'ಮೀಟಿಂಗ್ ಇವತ್ತಲ್ಲ' ಅಂದರೆ ಮೀಟಿಂಗ್ ಇದೆ, ದಿನ ಬೇರೆ. ಒಂದು ಮೀಟಿಂಗನ್ನೇ ಅಲ್ಲಗಳೆಯುತ್ತದೆ, ಇನ್ನೊಂದು ದಿನವನ್ನು ಮಾತ್ರ. 'ಅಲ್ಲಗಳೆ' ಅನ್ನುವ ಪದದಲ್ಲೂ 'ಅಲ್ಲ' ಕೂತಿದೆ ನೋಡಿ. ಹಾಗೆಯೇ 'ಅವನು ಹೀಗೆ ಬರೆಯೋದಿಲ್ಲ' ಅಂದರೆ ಅವನ ಅಭ್ಯಾಸದ ಮಾತು. 'ಹೀಗೆ ಬರೆಯೋದಲ್ಲ' ಅಂದರೆ ಬರೆಯುವ ರೀತಿಯೇ ತಪ್ಪು, ಕೊಡಿ ನಾನು ತೋರಿಸ್ತೀನಿ ಅಂತ.

ಪ್ರಶ್ನೆಯ ಬಾಲದಲ್ಲಿ ಬಂದಾಗ ಇನ್ನೊಂದು ಬಣ್ಣ. 'ಬರ್ತೀಯ ಅಲ್ವಾ?' ಅಂದರೆ ಬರುತ್ತೀಯ ಅಂತ ನಂಬಿದ್ದೇನೆ. 'ಬರ್ತೀಯ ಇಲ್ವಾ?' ಅಂದರೆ ತಾಳ್ಮೆ ಮುಗೀತಾ ಬಂದಿದೆ. ಇದನ್ನು ಅದಲು ಬದಲು ಮಾಡಿದರೆ ವ್ಯಾಕರಣ ಕೆಡುವುದಿಲ್ಲ, ಸಂಬಂಧ ಕೆಡಬಹುದು.

ಎಲ್ಲರಿಗೂ ಇದು ಕಷ್ಟದ ಜೋಡಿ ಅಲ್ಲ. ತೆಲುಗಿನಲ್ಲಿ 'ಲೇದು', 'ಕಾದು' ಇವೆ. ಮಲಯಾಳದಲ್ಲಂತೂ ಇಲ್ಲ, ಅಲ್ಲ ಎರಡೂ ಹಾಗೇ ಇವೆ. ಹಿಂದಿಯ 'ನಹೀ', ಇಂಗ್ಲಿಷಿನ 'ನಾಟ್' ಒಂದೇ ಪದದಲ್ಲಿ ಎರಡನ್ನೂ ಮುಗಿಸುತ್ತವೆ. ಅಲ್ಲಿಂದ ಬಂದವರಿಗೆ ಮಾತ್ರ ಈ ಪರೀಕ್ಷೆ ಬೇಕು.

ಬರಲಿಲ್ಲ, ಬಂದಿಲ್ಲ

ಎರಡಕ್ಕೂ ಒಂದೇ ಅರ್ಥ ಅಂತ ಕೆಲವರು ಹೇಳಿಕೊಡುತ್ತಾರೆ. ಅದು ನಿಜ ಅಲ್ಲ. ಬಸ್ ನಿಲ್ದಾಣದಲ್ಲಿ ನಿಂತು ಫೋನಿನಲ್ಲಿ 'ಬಸ್ ಬಂದಿಲ್ಲ' ಅಂದರೆ ನೀವಿನ್ನೂ ಕಾಯುತ್ತಿದ್ದೀರಿ, ಬರುವ ಆಸೆ ಇದೆ. 'ಬಸ್ ಬರಲಿಲ್ಲ' ಅಂದರೆ ಕಥೆ ಮುಗೀತು, ನೀವು ನಡೆದುಕೊಂಡೇ ಮನೆ ಸೇರಿದ್ದೀರಿ. 'ಇನ್ನೂ' ಅನ್ನುವ ಪದ ಸೇರಿಸಿ ನೋಡಿ. 'ಇನ್ನೂ ಬಂದಿಲ್ಲ' ಸರಾಗ. 'ಇನ್ನೂ ಬರಲಿಲ್ಲ' ಅಂತಲೂ ಹೇಳುವವರಿದ್ದಾರೆ, ಆದರೆ ಕಲಿಯುವವರು ಮೊದಲನೆಯದನ್ನು ಹಿಡಿದುಕೊಳ್ಳುವುದು ಒಳ್ಳೇದು.

ಬೇಡ ಅನ್ನೋಕೆ ಎಷ್ಟು ದಾರಿ

ನಮ್ಮ ಹಿರಿಯರೊಬ್ಬರಿಗೆ ಜ್ವರ. ಆದರೂ ಕೆಲಸಕ್ಕೆ ಬಂದಿದ್ದರು. ನನ್ನ ಸಹೋದ್ಯೋಗಿ ಕಾಳಜಿಯಿಂದ ಹತ್ತಿರ ಹೋಗಿ, "ಸರ್, ನಾಳೆ ನೀವು ಬರಬಾರದು," ಅಂದರು. ವ್ಯಾಕರಣದಲ್ಲಿ ಒಂದು ತಪ್ಪು ಹುಡುಕೋಕೆ ಆಗುವುದಿಲ್ಲ. ಆದರೆ ರೂಮು ಒಂದು ಕ್ಷಣ ಸುಮ್ಮನಾಯಿತು. ಅವರು ಹೇಳಬೇಕಿದ್ದದ್ದು 'ನಾಳೆ ನೀವು ಬರಬೇಕಾಗಿಲ್ಲ' ಅಂತ. ಅಥವಾ ಇನ್ನೂ ಮೃದುವಾಗಿ 'ನಾಳೆ ಬರೋದು ಬೇಡ ಸರ್, ರೆಸ್ಟ್ ತಗೊಳ್ಳಿ' ಅಂತ.

ಇವನ್ನು ಮೆಟ್ಟಿಲಿನ ಹಾಗೆ ನೋಡಿದರೆ ಸುಲಭ.

ಕೆಳಗಿನ ಮೆಟ್ಟಿಲು 'ಬರಬೇಕಾಗಿಲ್ಲ', ಅಥವಾ 'ಬರಬೇಕಿಲ್ಲ'. ಅಗತ್ಯ ಇಲ್ಲ ಅಷ್ಟೆ, ಬಂದರೆ ಯಾರೂ ಏನೂ ಅನ್ನುವುದಿಲ್ಲ. ಅದರ ಮೇಲೆ 'ಬರೋದು ಬೇಡ'. ಇಲ್ಲಿ ಹೇಳುವವರ ಇಷ್ಟ ಸೇರಿಕೊಂಡಿತು. ಬರದಿದ್ದರೆ ಒಳ್ಳೇದು ಅಂತ ಅವರಿಗೆ ಅನ್ನಿಸಿದೆ. ಅದರ ಮೇಲೆ 'ಬರಬೇಡಿ'. ಇದು ಎದುರಿಗಿರುವವರಿಗೇ ನೇರವಾಗಿ ಹೇಳುವ ಮಾತು. ಅಲ್ಲಿಲ್ಲದವರ ಬಗ್ಗೆ ಹೇಳುವಾಗ 'ಅವನು ಬರೋದು ಬೇಡ' ಅಂತಲೇ ಅನ್ನಬೇಕು, 'ಅವನು ಬರಬೇಡ' ಆಗುವುದಿಲ್ಲ. ಎಲ್ಲಕ್ಕಿಂತ ಮೇಲೆ 'ಬರಬಾರದು'. ಇದು ನಿಯಮ, ಯಾರಿಗಾದರೂ ಸರಿ. ಬೋರ್ಡಿನಲ್ಲಿ ಬರೆದು ನೇತು ಹಾಕುವ ಭಾಷೆ. ಅದೂ ಸಾಲದಿದ್ದರೆ 'ಬರಕೂಡದು' ಇದೆ. ದಿನದ ಮಾತಿನಲ್ಲಿ ಅದರ ಅಗತ್ಯ ಬೀಳುವುದು ಅಪರೂಪ.

ಇಷ್ಟು ಕಲಿತು ನೆಮ್ಮದಿಯಾಗಿ ಕೂತವರನ್ನು ಕನ್ನಡ ಮತ್ತೆ ಎಬ್ಬಿಸುತ್ತದೆ. 'ಬರಬಾರದು' ಕಡಕ್ ನಿಯಮ ಅಂದೆನಲ್ಲ. ಅದಕ್ಕೊಂದು ಪ್ರಶ್ನೆಯ ಬಾಲ ಅಂಟಿಸಿ. 'ಒಂದ್ಸಲ ಮನೆಗೆ ಬರಬಾರದಾ?' ಈಗ ಅದು ಪ್ರೀತಿಯ ಕರೆ. 'ಮುಂಚೇನೇ ಹೇಳಬಾರದಾ?' ಅಂದರೆ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು ಅನ್ನುವ ಸಣ್ಣ ಆಕ್ಷೇಪ. ನನ್ನ ಸಹೋದ್ಯೋಗಿಗೆ ಯಾರೋ ಹೀಗೆ 'ಬರಬಾರದಾ' ಅಂದಾಗ, ತಾನು ಹೋಗಿದ್ದೇ ತಪ್ಪಾಯಿತೇನೋ ಅಂತ ಅವರು ಅರ್ಧ ದಿನ ಯೋಚನೆಯಲ್ಲಿ ಮುಳುಗಿದ್ದರು.

ಯಾರಾದರೂ ಏನಾದರೂ ಕೊಡಲು ಬಂದಾಗ 'ಬೇಡ' ಅನ್ನಿ, ಸಾಕು. 'ನನಗೆ ಬೇಕಾಗಿಲ್ಲ' ಅಂದರೆ ಕೊಟ್ಟವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ ಕೇಳಿಸುತ್ತದೆ. ಮೆಟ್ಟಿಲಿನಲ್ಲಿ ಮೃದುವಾಗಿದ್ದದ್ದು ಇಲ್ಲಿ ಒರಟಾಗುತ್ತದೆ.

ನಾನು, ನನಗೆ

'ನಾನು ಬೇಕು', 'ನಾನು ಗೊತ್ತು' ಅಂತ ಶುರು ಮಾಡುವವರು ಹೆಚ್ಚಾಗಿ ಇಂಗ್ಲಿಷಿನಲ್ಲಿ ಯೋಚಿಸುತ್ತಿರುತ್ತಾರೆ. ಹಿಂದಿಯವರಿಗೆ ಇದು ಅಷ್ಟು ಕಷ್ಟ ಅಲ್ಲ. 'ಮುಝೆ ಚಾಹಿಯೇ' ಅಂತ ಅವರೂ ಹೀಗೇ ಹೇಳುತ್ತಾರೆ. ನೀವು ಮಾಡುವ ಕೆಲಸಕ್ಕೆ 'ನಾನು'. ನಿಮಗೆ ಒದಗಿ ಬರುವುದಕ್ಕೆ, ನಿಮ್ಮೊಳಗೆ ಆಗುವುದಕ್ಕೆ 'ನನಗೆ'. ನಾನು ನೋಡಿದೆ, ನನಗೆ ಕಾಣಿಸಿತು. ನಾನು ಕೇಳಿದೆ, ನನಗೆ ಕೇಳಿಸಿತು. ಹಸಿವು, ನಿದ್ದೆ, ಸಿಟ್ಟು, ನೆನಪು, ಇಷ್ಟ ಎಲ್ಲ 'ನನಗೆ' ಗುಂಪಿನವು. ಸಿಟ್ಟನ್ನು ನಾವು ಮಾಡುವುದಿಲ್ಲ, ಅದು ನಮಗೆ ಬರುತ್ತದೆ ಅನ್ನುವುದು ಕನ್ನಡದ ಲೆಕ್ಕ. 'ಸಿಟ್ಟು ಮಾಡ್ಕೊಂಡ' ಅಂತ ಹೇಳಿದರೆ ಆಗ ಅವನದೇ ತಪ್ಪು.

ಈ ಜೋಡಿಯಲ್ಲಿ ಜಾಣತನ ತೋರಿಸೋಕೂ ಜಾಗ ಇದೆ. 'ನಾನು ಮರೆತೆ' ಅಂದರೆ ತಪ್ಪು ಒಪ್ಪಿಕೊಂಡ ಹಾಗೆ. 'ನನಗೆ ಮರೆತುಹೋಯ್ತು' ಅಂದರೆ ಮರೆವಿನ ಮೇಲೆ ಹಾಕಿ ಜಾರಿಕೊಂಡ ಹಾಗೆ. ನಾವೆಲ್ಲ ಯಾವುದನ್ನು ಜಾಸ್ತಿ ಬಳಸುತ್ತೇವೆ ಅಂತ ಬೇರೆ ಹೇಳಬೇಕಾ?

ಲೆಕ್ಕ ಎಲ್ಲ ಕಡೆ ಕೂರುವುದಿಲ್ಲ. ಬೀಳುವುದು ಯಾರ ಇಷ್ಟದ ಕೆಲಸವೂ ಅಲ್ಲ, ಆದರೂ 'ನಾನು ಬಿದ್ದೆ' ಅಂತಲೇ ಹೇಳುತ್ತೇವೆ. ಇಂಥವನ್ನು ಹಾಗೇ ಕಲಿತುಬಿಡಬೇಕು.

ಇದರ ಜೊತೆಗೇ ಬರುವ ಪ್ರಶ್ನೆ 'ಗೊತ್ತು' ಮತ್ತು 'ಬರುತ್ತೆ' ಬಗ್ಗೆ. 'ನನಗೆ ಈಜು ಬರುತ್ತೆ' ಅಂದರೆ ನೀರಿಗೆ ಇಳಿಸಿದರೆ ಮುಳುಗುವುದಿಲ್ಲ. 'ಈಜೋದು ಹೇಗೆ ಅಂತ ಗೊತ್ತು' ಅಂದವರನ್ನು ಇಳಿಸುವ ಮುಂಚೆ ಸ್ವಲ್ಪ ಯೋಚಿಸಿ. ಕೈಗೆ, ಬಾಯಿಗೆ ಹತ್ತಿದ ವಿದ್ಯೆಗೆ 'ಬರುತ್ತೆ', ತಲೆಯಲ್ಲಿರುವ ಮಾಹಿತಿಗೆ 'ಗೊತ್ತು'. ಭಾಷೆಗೆ ಎರಡೂ ನಡೆಯುತ್ತವೆ. ಆದರೂ 'ಕನ್ನಡ ಬರುತ್ತಾ?' ಅಂತ ಕೇಳುವವರು ನೀವು ಮಾತಾಡುತ್ತೀರಾ ಅಂತ ಕೇಳುತ್ತಿದ್ದಾರೆ. ಅದಕ್ಕೆ 'ಸ್ವಲ್ಪ ಸ್ವಲ್ಪ ಬರುತ್ತೆ' ಅನ್ನುವುದೇ ಸಹಜ.

ನಮ್ಮದು ಅಂತ ಹೇಳಿಕೊಳ್ಳುವಾಗ 'ನನಗೆ'ಗೆ ಒಬ್ಬ ಪ್ರತಿಸ್ಪರ್ಧಿ ಇದ್ದಾನೆ, 'ನನ್ನ ಹತ್ತಿರ'. ಕೈಯಲ್ಲಿ ಹಿಡಿದು ಇನ್ನೊಬ್ಬರಿಗೆ ದಾಟಿಸಬಹುದಾದ ವಸ್ತುವಾದರೆ 'ನನ್ನ ಹತ್ತಿರ ಪೆನ್ನಿದೆ', 'ನನ್ನ ಹತ್ತಿರ ದುಡ್ಡಿದೆ'. ದಾಟಿಸೋಕಾಗದ್ದಾದರೆ 'ನನಗೆ'. 'ನನಗೆ ಜ್ವರ ಇದೆ', 'ನನಗೆ ಇಬ್ಬರು ಮಕ್ಕಳಿದ್ದಾರೆ'. 'ನನ್ನ ಹತ್ತಿರ ಇಬ್ಬರು ಮಕ್ಕಳಿದ್ದಾರೆ' ಅಂದರೆ ಯಾರದೋ ಮಕ್ಕಳನ್ನು ಸಂಜೆವರೆಗೆ ನೋಡಿಕೊಳ್ಳುತ್ತಿದ್ದೀರಿ ಅಂತ ಅರ್ಥ.

ಇದೆ, ಇರುತ್ತೆ

ಇದು ಚಿಕ್ಕದು. ಈಗ ಕಣ್ಣಾರೆ ಕಂಡದ್ದಕ್ಕೆ, ಖಚಿತವಾಗಿ ಗೊತ್ತಿರುವುದಕ್ಕೆ 'ಇದೆ'. ಯಾವಾಗಲೂ ಹಾಗೆ ಅನ್ನುವುದಕ್ಕೆ, ಅಥವಾ ಹಾಗಿರಬಹುದು ಅನ್ನುವ ಊಹೆಗೆ 'ಇರುತ್ತೆ'. 'ಅವರು ಮನೇಲಿದ್ದಾರೆ' ಅಂದರೆ ಹೋಗಿ, ಸಿಗುತ್ತಾರೆ. 'ಅವರು ಮನೇಲಿರ್ತಾರೆ' ಅಂದರೆ ಒಂದು ಫೋನ್ ಮಾಡಿ ಹೋಗಿ.

'ಅನ್ನು' ಇಡಬೇಕಾ, ಬಿಡಬೇಕಾ

ಪಠ್ಯದಲ್ಲಿ 'ಪುಸ್ತಕವನ್ನು ಓದಿದೆ' ಅಂತ ಕಲಿಯುತ್ತಾರೆ. ಬೀದಿಯಲ್ಲಿ ಎಲ್ಲರೂ 'ಪುಸ್ತಕ ಓದಿದೆ' ಅನ್ನುವುದನ್ನು ಕೇಳುತ್ತಾರೆ. ಆಮೇಲೆ 'ಅನ್ನು' ಬರೀ ಬರಹದ ಅಲಂಕಾರ ಅಂದುಕೊಂಡು ಎಲ್ಲ ಕಡೆ ಕಿತ್ತುಹಾಕುತ್ತಾರೆ. 'ನಾನು ಅವರು ನೋಡಿದೆ' ಅನ್ನುವ ವಾಕ್ಯ ಹುಟ್ಟುವುದು ಹೀಗೆ.

ಮನುಷ್ಯರಾದರೆ 'ಅನ್ನು' ಇಡಬೇಕು. ಅವರನ್ನು ನೋಡಿದೆ, ಮಗುವನ್ನು ಎತ್ತಿಕೊಂಡೆ. ಮಾತಿನಲ್ಲಿ ಅದು ಸವೆದು 'ಅವರನ್ನ', 'ಮಗೂನ' ಆಗುತ್ತದೆ. ಸವೆದರೂ ಮಾಯವಾಗುವುದಿಲ್ಲ. ವಸ್ತುವಾದರೆ ನಿಮ್ಮ ಇಷ್ಟ, ಆದರೆ ಪೂರ್ತಿ ಇಷ್ಟ ಅಲ್ಲ. 'ಪುಸ್ತಕ ಓದ್ತಿದ್ದೀನಿ' ಅಂದರೆ ಯಾವುದೋ ಪುಸ್ತಕ, ಓದುವುದೇ ಮುಖ್ಯ. 'ಆ ಪುಸ್ತಕಾನ ಓದಿ ಮುಗಿಸಿದೆ' ಅಂದರೆ ಇಬ್ಬರಿಗೂ ಗೊತ್ತಿರುವ ಒಂದು ಪುಸ್ತಕ. ಇಂಗ್ಲಿಷಿನ 'ದ' ಮಾಡುವ ಕೆಲಸದಲ್ಲಿ ಒಂದು ಪಾಲನ್ನು ಕನ್ನಡದಲ್ಲಿ 'ಅನ್ನು' ಮಾಡುತ್ತದೆ. ಹಿಂದಿಯವರು ತಮ್ಮ 'ಕೋ' ನೆನೆಸಿಕೊಂಡರೆ ಬಹುಪಾಲು ದಾರಿ ಸಿಕ್ಕಿಬಿಡುತ್ತದೆ.

ಮನುಷ್ಯರಿಗೆ 'ಅನ್ನು' ಬಿಡಬಾರದು ಅಂದೆ. ಒಂದು ಕಡೆ ಮಾತ್ರ ನಾವೇ ಬಿಡುತ್ತೇವೆ. 'ಹುಡುಗೀನ ನೋಡೋಕೆ ಹೋಗಿದಾರೆ' ಅಂದರೆ ಯಾವುದೋ ಗೊತ್ತಿರುವ ಹುಡುಗಿ. ಆಸ್ಪತ್ರೆಗೂ ಹೋಗಿರಬಹುದು. 'ಹುಡುಗಿ ನೋಡೋಕೆ ಹೋಗಿದಾರೆ' ಅಂದರೆ ಮದುವೆಯ ಮಾತು ಶುರುವಾಗಿದೆ. ಒಂದು ಸಣ್ಣ ಪ್ರತ್ಯಯ ಬಿದ್ದುಹೋಗಿದ್ದಕ್ಕೆ ಇಷ್ಟು ದೊಡ್ಡ ಸುದ್ದಿ.

ಬರೆದೆ, ಬರೆದುಕೊಟ್ಟೆ, ಬರೆದುಕೊಂಡೆ, ಬರೆದುಬಿಟ್ಟೆ

ನನಗೆ ಅತಿ ಇಷ್ಟದ ಗುಂಪು ಇದು. ಕಲಿಯುವವರಿಗೆ ಅತಿ ತಲೆನೋವಿನದೂ ಇದೇ. ಮುಖ್ಯ ಕೆಲಸ ಒಂದೇ, 'ಬರೆ'. ಅದರ ಬೆನ್ನಿಗೆ ಅಂಟಿದ ಎರಡನೆಯ ಪದ ತನ್ನ ಮೂಲ ಅರ್ಥ ಸ್ವಲ್ಪ ಕಳೆದುಕೊಂಡು, ಆ ಕೆಲಸ ಯಾರಿಗಾಗಿ, ಯಾವ ಮನಸ್ಸಿನಿಂದ ಆಯಿತು ಅಂತ ಹೇಳುತ್ತದೆ.

ಒಂದು ಫೋನ್ ನಂಬರ್ ಇಟ್ಟುಕೊಂಡು ನೋಡೋಣ. 'ನಂಬರ್ ಬರೆದೆ' ಅಂದರೆ ಬರೀ ಸುದ್ದಿ. 'ಬರೆದುಕೊಟ್ಟೆ' ಅಂದರೆ ಇನ್ನೊಬ್ಬರಿಗೆ ಬೇಕಿತ್ತು, ಚೀಟಿ ಅವರ ಕೈ ಸೇರಿತು. 'ಬರೆದುಕೊಂಡೆ' ಅಂದರೆ ಚೀಟಿ ನನ್ನ ಜೇಬಿನಲ್ಲೇ ಇದೆ. 'ಬರೆದಿಟ್ಟೆ' ಅಂದರೆ ಮುಂದೆ ಬೇಕಾಗಬಹುದು ಅಂತ ಒಂದು ಕಡೆ ಜೋಪಾನ ಮಾಡಿದೆ. 'ಬರೆದು ನೋಡಿದೆ' ಅಂದರೆ ಪೆನ್ನು ನಡೆಯುತ್ತಾ ಅಂತ ಪರೀಕ್ಷೆ. 'ಬರೆದುಬಿಟ್ಟೆ' ಅಂದರೆ ಆಗಿಹೋಯಿತು, ಇನ್ನು ವಾಪಸ್ ತೆಗೆಯೋಕಾಗಲ್ಲ. ಅದರಲ್ಲಿ ಸಮಾಧಾನವೂ ಇರಬಹುದು, ಅಯ್ಯೋ ಅನ್ನುವ ಪಶ್ಚಾತ್ತಾಪವೂ ಇರಬಹುದು. ದನಿಯಲ್ಲೇ ಗೊತ್ತಾಗಬೇಕು.

ಯಾವುದನ್ನು ಆರಿಸುವುದು? ಕೆಲಸದ ಫಲ ಯಾರ ಕೈ ಸೇರಿತು ಅಂತ ಮೊದಲು ಕೇಳಿಕೊಳ್ಳಿ. ಬೇರೆಯವರಿಗಾದರೆ 'ಕೊಡು', ತನಗೇ ಆದರೆ 'ಕೊಳ್ಳು'. ಯಾರ ಕೈ ಅನ್ನುವ ಮಾತೇ ಇಲ್ಲ, ಮುಗಿಯಿತು ಅನ್ನುವುದಷ್ಟೇ ಮುಖ್ಯ ಅಂದರೆ 'ಬಿಡು'. ಹಿಂದಿಯವರು ಇಲ್ಲಿ ಹುಷಾರಾಗಿರಬೇಕು. 'ಲಿಖ್ ಲಿಯಾ' ಮತ್ತು 'ಬರೆದುಕೊಂಡೆ' ಚೆನ್ನಾಗಿ ಹೊಂದುತ್ತವೆ. ಆದರೆ ಅವರ 'ದಿಯಾ' ನಮ್ಮ 'ಕೊಟ್ಟೆ'ಗಿಂತ ಉದಾರಿ. 'ಫೇಂಕ್ ದಿಯಾ' ಅನ್ನುವುದನ್ನು ಒಮ್ಮೆ ನನ್ನ ಸಹೋದ್ಯೋಗಿ 'ಬಿಸಾಡಿಕೊಟ್ಟೆ' ಮಾಡಿದ್ದರು. ಕಸವನ್ನು ಯಾರಿಗೋ ಉಪಕಾರ ಅಂತ ಎಸೆದ ಹಾಗಾಯಿತು. ಅಲ್ಲಿ 'ಬಿಸಾಡಿಬಿಟ್ಟೆ' ಬೇಕು.

'ಕೊಳ್ಳು' ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು. ಒಂದು ಬೆಳಿಗ್ಗೆ ಅವರು ತಡವಾಗಿ ಬಂದು, "ನನ್ನ ತಮ್ಮ ಕಾಲು ಮುರಿದ," ಅಂದರು. ನಾವೆಲ್ಲ ಗಾಬರಿಯಾಗಿ ಕೇಳಿದ್ದು ಒಂದೇ: "ಯಾರದು?" ಪಾಪ, ತಮ್ಮ ಮೆಟ್ಟಿಲಿನಿಂದ ಜಾರಿ ಬಿದ್ದಿದ್ದ. 'ಕಾಲು ಮುರಿದುಕೊಂಡ' ಅಂದಿದ್ದರೆ ಕೇಳಿದವರು ಅಯ್ಯೋ ಪಾಪ ಅನ್ನುತ್ತಿದ್ದರು. 'ಮುರಿದ' ಅಂದಿದ್ದಕ್ಕೆ ಪೊಲೀಸರ ಯೋಚನೆ ಬಂತು. ತನ್ನ ಮೈಗೇ ಆಗುವ ಕೆಲಸಗಳಿಗೆಲ್ಲ 'ಕೊಳ್ಳು' ಬೇಕು, ಬೇಕಂತ ಮಾಡಿದರೂ, ಬೇಡದೆ ಆದರೂ. ಕೈ ಸುಟ್ಟುಕೊಂಡೆ, ಮುಖ ತೊಳೆದುಕೊಂಡೆ, ಬಟ್ಟೆ ಹಾಕಿಕೊಂಡೆ. 'ತಲೆ ಬಾಚಿದಳು' ಅಂದರೆ ಎದುರಿಗೆ ಒಂದು ಮಗು ಕೂತಿದೆ. 'ತಲೆ ಬಾಚಿಕೊಂಡಳು' ಅಂದರೆ ಎದುರಿಗೆ ಕನ್ನಡಿ ಇದೆ.

ಎರಡು ಕೆಲಸ ಒಟ್ಟಿಗೇ ನಡೆಯುವಾಗಲೂ 'ಕೊಂಡು' ಬರುತ್ತದೆ. 'ಹಾಡ್ಕೊಂಡು ಬಂದ', 'ನಕ್ಕೊಂಡು ಹೇಳಿದಳು'. ಇಲ್ಲಿ ಯಾರಿಗಾಗಿ ಅನ್ನುವ ಪ್ರಶ್ನೆಯೇ ಇಲ್ಲ. ಇದನ್ನು ಬೇರೆ ಪಾಠ ಅಂತಲೇ ಕಲಿಯಬೇಕು.

ಮಾಡಲಿಲ್ಲ, ಆಗಲಿಲ್ಲ ಅನ್ನುವಾಗ 'ಬಿಡು' ಸಾಮಾನ್ಯವಾಗಿ ಉದುರಿಹೋಗುತ್ತದೆ. 'ತಿಂದುಬಿಟ್ಟೆ' ಸರಿ. ಅದಕ್ಕೆ ವಿರುದ್ಧ 'ತಿನ್ನಲಿಲ್ಲ', ಅಷ್ಟೇ.

ನೀನು, ನೀವು

ಅನುಮಾನ ಬಂದರೆ 'ನೀವು'. ಇದನ್ನು ಎಲ್ಲರೂ ಹೇಳುತ್ತಾರೆ, ಕಲಿಯುವವರೂ ಬೇಗ ಕಲಿಯುತ್ತಾರೆ. ಅವರು ಎಡವುವುದು ಎದುರಿಗೆ ಇಲ್ಲದವರ ವಿಷಯದಲ್ಲಿ. 'ನೀವು ಊಟ ಮಾಡಿದ್ರಾ?' ಅಂತ ಗೌರವದಿಂದ ಕೇಳಿದವರೇ ಮರುಕ್ಷಣ 'ನಿಮ್ಮಪ್ಪ ಬಂದನಾ?' ಅಂದುಬಿಡುತ್ತಾರೆ. ಅಪ್ಪ ಒಬ್ಬರೇ ಆದರೂ 'ಬಂದ್ರಾ' ಅನ್ನಬೇಕು. ಗೌರವ ಕೊಡಬೇಕಾದ ಯಾರ ಬಗ್ಗೆ ಮಾತಾಡಿದರೂ 'ಅವರು', ಕ್ರಿಯಾಪದವೂ ಬಹುವಚನ. ಇನ್ನೊಂದು, ಅರ್ಧ ಗೌರವ ಕೊಡಬೇಡಿ. 'ನೀವು ಬಾ' ಅನ್ನುವುದಕ್ಕಿಂತ ಪೂರ್ತಿ 'ನೀನು ಬಾ' ವಾಸಿ.

ಅಮ್ಮನನ್ನು 'ನೀನು' ಅನ್ನುವ ಮನೆಗಳು ಬಹಳ. ಅದನ್ನು ಕೇಳಿಸಿಕೊಂಡು ಗೆಳೆಯನ ಅಮ್ಮನನ್ನೂ 'ನೀನು' ಅಂದವರಿದ್ದಾರೆ. ಆ ಸಲಿಗೆ ಆ ಮನೆಯ ಮಕ್ಕಳಿಗೆ ಮಾತ್ರ.

ಎರಡು, ಇಬ್ಬರು

ವಸ್ತುಗಳಿಗೆ ಎರಡು, ಮನುಷ್ಯರಿಗೆ ಇಬ್ಬರು. 'ಎರಡು ಅಣ್ಣ ಇದೆ' ತಪ್ಪು, 'ಇಬ್ಬರು ಅಣ್ಣಂದಿರಿದ್ದಾರೆ' ಸರಿ. ಮೂವರು, ನಾಲ್ವರು, ಐವರು ಪತ್ರಿಕೆಯಲ್ಲಿ ಸಿಗುತ್ತವೆ. ಮಾತಿನಲ್ಲಿ ಮೂರು ಜನ, ನಾಲ್ಕು ಜನ ಅಂದರೆ ಸಾಕು. ಒಬ್ಬರು, ಇಬ್ಬರು ಮಾತ್ರ ತಪ್ಪಿಸಿಕೊಳ್ಳೋಕಾಗದವು. ವಿಚಿತ್ರ ಅಂದರೆ 'ಮಗು'. ಒಂದೇ ಇದ್ದಾಗ ಅದು ವಸ್ತುವಿನ ಸಾಲಿಗೆ ಸೇರುತ್ತದೆ. 'ಒಂದು ಮಗು ಅಳ್ತಾ ಇದೆ.' ಜಾಸ್ತಿಯಾದ ಕೂಡಲೇ ಮನುಷ್ಯರಾಗಿಬಿಡುತ್ತಾರೆ. 'ಮಕ್ಕಳು ಅಳ್ತಾ ಇದಾರೆ.'

ಮಾತಿನ ರೂಪವೋ, ಬರಹದ ರೂಪವೋ

ಮೊದಲು ಯಾವುದನ್ನು ಕಲಿಯಬೇಕು? ನಿಮ್ಮ ಸುತ್ತ ಕನ್ನಡ ಆಡುವವರಿದ್ದರೆ ಮಾತಿನದು. ಇದು ನನ್ನ ಗಟ್ಟಿ ಅಭಿಪ್ರಾಯ. 'ನಾನು ನಾಳೆ ಬರುತ್ತೇನೆ' ಅಂತ ಬಾಯಲ್ಲಿ ಹೇಳಿದರೆ ಯಾರೂ ತಪ್ಪು ಹುಡುಕುವುದಿಲ್ಲ, ಆದರೆ ವಾರ್ತೆ ಓದಿದ ಹಾಗೆ ಕೇಳಿಸುತ್ತದೆ. ಕಿವಿಗೆ ಬೀಳುವುದು 'ಬರ್ತೀನಿ'. ಕರಾವಳಿಯಲ್ಲಿ 'ಬರ್ತೇನೆ'. ಧಾರವಾಡದ ಕಡೆ 'ಬರ್ತೀನ್ರಿ'. ನಿಮ್ಮ ಅಕ್ಕಪಕ್ಕದವರು ಹೇಗೆ ಹೇಳುತ್ತಾರೋ ಅದೇ ನಿಮಗೂ ಸರಿ.

ಬರಹದ ರೂಪ ಬೇಡ ಅಂತ ಅಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಹೆಚ್ಚಿನ ಕಡೆ ನೇರವಾಗಿದೆ. ಬರುತ್ತೇನೆ ಅನ್ನುವುದು ಬರ್ತೀನಿ ಆದ ಹಾಗೇ ಹೋಗುತ್ತೇನೆ ಹೋಗ್ತೀನಿ ಆಗುತ್ತದೆ. ಎಂದು ಅನ್ನುವುದು ಅಂತ, ಎಂಬ ಅನ್ನುವುದು ಅನ್ನೋ, ಮಾಡುವುದು ಅನ್ನುವುದು ಮಾಡೋದು. ನಾಲ್ಕೈದು ಇಂಥ ಬದಲಾವಣೆ ಹಿಡಿದರೆ ಪತ್ರಿಕೆ ಓದೋಕೆ ಹೆದರಿಕೆ ಇರುವುದಿಲ್ಲ. ಓದುವಾಗ ಮಾತ್ರ 'ಮಾಡಿದೆ' ಥರದ ಪದದ ಮುಂದೆ ಒಂದು ಕ್ಷಣ ನಿಲ್ಲಿ. ನಾನು ಮಾಡಿದೆ, ನೀನು ಮಾಡಿದೆ, ಸರ್ಕಾರ ಮಾಡಿದೆ, ಮೂರಕ್ಕೂ ಅದೇ ರೂಪ. ಮೂರನೆಯದರಲ್ಲಿ ಒಳಗೆ 'ಇದೆ' ಅಡಗಿದೆ. ಯಾರು ಮಾಡಿದ್ದು ಅಂತ ಹಿಂದಿನ ವಾಕ್ಯದಲ್ಲಿ ಹುಡುಕಬೇಕು.

ನಿಘಂಟೋ, ಆ್ಯಪೋ, ಪಕ್ಕದವರೋ

ಗೊತ್ತಿಲ್ಲದ ಪದ ಎದುರಾದರೆ ನಿಘಂಟು. ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರದು. ಹಳೆಯ ಸಾಹಿತ್ಯ ಓದುವವರಿಗೆ ಇವತ್ತಿಗೂ ಬೇಕು, ಹೊಸಬರಿಗೆ ಭಾರ. ಫೋನಿನಲ್ಲಿ ನೋಡೋಕೆ ವಿ. ಕೃಷ್ಣ ಅವರ 'ಅಲರ್' ಅನುಕೂಲ. ದಶಕಗಳ ಕಾಲ ಒಬ್ಬರೇ ಕಲೆಹಾಕಿದ ಕನ್ನಡ–ಇಂಗ್ಲಿಷ್ ನಿಘಂಟು ಅದು, ಉಚಿತ.

ಒಂದು ಪ್ಯಾರಾದ ಸಾರಾಂಶ ಬೇಗ ಬೇಕಾದರೆ ಅನುವಾದದ ಆ್ಯಪ್ ಪರವಾಗಿಲ್ಲ. ಆದರೆ ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ವಾಕ್ಯವನ್ನು ಹಾಗೇ ಯಾರಿಗೂ ಕಳಿಸಬೇಡಿ. ಇಂಗ್ಲಿಷಿನ 'ಯೂ'ನಲ್ಲಿ ನೀನು ಯಾವುದು, ನೀವು ಯಾವುದು ಅಂತ ಬರೆದಿರುವುದಿಲ್ಲ. ಆ್ಯಪ್ ಅದನ್ನು ಊಹಿಸಬೇಕು. ಊಹೆ ತಪ್ಪಿದರೆ ಬೈಸಿಕೊಳ್ಳುವವರು ನೀವು.

ಎರಡರಲ್ಲಿ ಯಾವುದು ಅನ್ನುವ ಪ್ರಶ್ನೆಗೆ ಮಾತ್ರ ಪಕ್ಕದವರೇ ಬೇಕು. ಅವರನ್ನು 'ಏನು ವ್ಯತ್ಯಾಸ?' ಅಂತ ಕೇಳಬೇಡಿ. ನಾನು ಛತ್ರಿಯ ಮುಂದೆ ನಿಂತ ಹಾಗೆ ಅವರೂ ನಿಂತುಬಿಡುತ್ತಾರೆ. ಎರಡು ಪೂರ್ತಿ ವಾಕ್ಯ ಹೇಳಿ. 'ಬರಬೇಡಿ ಅಂದ್ರೆ ನಿಮಗೆ ಏನನ್ನಿಸುತ್ತೆ? ಬರೋದು ಬೇಡ ಅಂದ್ರೆ?' ಅಂತ ಕೇಳಿ. ವ್ಯಾಕರಣ ಒಂದಕ್ಷರ ಗೊತ್ತಿಲ್ಲದವರೂ ಇದಕ್ಕೆ ಕರಾರುವಾಕ್ಕಾಗಿ ಉತ್ತರ ಕೊಡುತ್ತಾರೆ.

ಇನ್ನು ನಿಘಂಟಿನಲ್ಲಿ ಪದ ಸಿಗಲಿಲ್ಲ ಅಂತ ಬಿಡುವ ಮುಂಚೆ, ನೀವು ಹುಡುಕಿದ್ದು ಮೂಲ ರೂಪವಾ ಅಂತ ನೋಡಿ. 'ಬಂದ' ಹುಡುಕಿದರೆ ಕೈಗೆ ಸಿಗದೆ ಹೋಗಬಹುದು, ಅದು ಕೂತಿರುವುದು 'ಬರು' ಹತ್ತಿರ. ತಂದ ಅಂದರೆ ತರು, ಕಂಡ ಅಂದರೆ ಕಾಣು, ಬಿದ್ದ ಅಂದರೆ ಬೀಳು, ಎದ್ದ ಅಂದರೆ ಏಳು, ಸತ್ತ ಅಂದರೆ ಸಾಯು. ಈ 'ಏಳು' ಅನ್ನುವಲ್ಲಿ ಆರರ ಮುಂದಿನ ಸಂಖ್ಯೆ ಬಂದರೆ ಗಾಬರಿಯಾಗಬೇಡಿ, ಅದರ ಪಕ್ಕದಲ್ಲೇ ಎದ್ದು ನಿಲ್ಲುವ 'ಏಳು' ಕೂಡ ಇರುತ್ತದೆ.